ಕಾಕಾನ ಜೇಬಿನ ಭತ್ತ

ನಮ್ಮ ಕಾಕಾನಷ್ಟು ಕೆಟ್ಟ ಮ್ಯಾನೇಜರ್ ಗಂಗಾವತಿಯ ಯಾವ ಅಕ್ಕಿ ಗಿರಣಿಯಲ್ಲೂ ಆಗಿಹೋಗಿಲ್ಲ. ಬೇಕಾದರೆ ಪಂದ್ಯ ಕಟ್ಟುತ್ತೇನೆ! ಕಾಲೇಜಿಗೆಂದು ಕುಷ್ಟಗಿಯಿಂದ ಬಂದು ಮೂರು ವರ್ಷ ಅವರ ಮನೆಯ ಅನ್ನ ಉಂಡ ನಾನು ಸುಳ್ಳು ಹೇಳಲೇ?

ಮೊದಲು ಅವರು ಗಿರಣಿಯ ಗೇಟಿನಲ್ಲಿ ಭತ್ತ ನೋಡುವವರಾಗಿದ್ದರು. ಲಾರಿ ನಿಂತ ಕೂಡಲೇ ಚೀಲಕ್ಕೆ ಕೈಹಾಕಿ, ಒಂದು ಕಾಳನ್ನು ಹಲ್ಲಿನಡಿ ಕಡಿದು, ಅದು ಕಟ್ ಎನ್ನದೆ ಮೆತ್ತಗಾದಾಗ, "ಹಸಿ ಐತ್ರಿ, ಇನ್ನೆರಡು ದಿನಾ ಬಿಸಲಿಗಿ ಹಾಕ್ರಿ" ಎಂದರೆ ಮುಗಿಯಿತು. ಬ್ರಹ್ಮ ಬಂದರೂ ಆ ಚೀಲ ಒಳಗೆ ಹೋಗದು! ಕೈಯಲ್ಲಿ ಉಳಿದ ಕಾಳು ಅಂಗಿಯ ಜೇಬಿಗೆ. ಬಟ್ಟೆ ಒಗೆಯುವಾಗ ಕಾಕಿಯ ಬೈಗುಳ ತಪ್ಪುತ್ತಿರಲಿಲ್ಲ: "ಜೇಬಿನ್ಯಾಗ ನಾಟಿ ಮಾಡೀರೇನ್ರಿ?"

ಇಷ್ಟು ಛಲೋ ಕೆಲಸ ಮಾಡುವವರನ್ನು ಆ ಕೆಲಸದಲ್ಲೇ ಬಿಡುವುದುಂಟೇ? ಸಾಹುಕಾರರು ಮೆಚ್ಚಿ ಮ್ಯಾನೇಜರ್ ಮಾಡಿಬಿಟ್ಟರು! ಗಾಜಿನ ಕೋಣೆ, ತಿರುಗುವ ಕುರ್ಚಿ, ಬಾಗಿಲಿಗೆ ಹಿತ್ತಾಳೆಯ ಫಲಕ. ಅಕ್ಷರ ಬಾರದ ಕಾಕಿ ಆ ಫಲಕದ ಮೇಲೆ ಬೆರಳಾಡಿಸಿ ಬಂದು, ಓಣಿಗೆಲ್ಲ ಸಿಹಿ ಮಾದಲಿ ಹಂಚಿದಳು.

ಕುರ್ಚಿ ತಿರುಗಿದರೆ ಕಾಕಾನ ತಲೆಯೂ ತಿರುಗುತ್ತಿತ್ತು! ಅದನ್ನು ಹಗ್ಗದಿಂದ ಮೇಜಿನ ಕಾಲಿಗೆ ಬಿಗಿದು, ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬೈಯಲಂತೂ ಬಾರದು. ತಡವಾಗಿ ಬಂದ ಹಮಾಲನೊಬ್ಬ "ನಾಷ್ಟಾ ಆಗಿಲ್ರಿ" ಎಂದದ್ದಕ್ಕೆ ತಮ್ಮ ಬುತ್ತಿಯನ್ನೇ ಬಿಚ್ಚಿ ಕೊಟ್ಟರು. ಮರುದಿನ ಆರು ಜನ ತಡವಾಗಿ ಬಂದರು!

ಇನ್ನು ಎಳ್ಳ ಅಮಾವಾಸ್ಯೆ, ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಚೆಲ್ಲುವ ಹಬ್ಬ. ಎಲ್ಲರೂ ರಜೆ ಕೇಳಿದರು.

"ನಿನಗ ಹೊಲಾನ ಇಲ್ಲಲ್ಲೋ?" ಎಂದು ಕಾಕಾ ಒಬ್ಬ ಹಮಾಲನನ್ನು ಕೇಳಿದರು.

"ಬೀಗರದು ಐತ್ರಿ."

"ಹಂಗಾರ ಹೋಗಪಾ. ಚರಗಾ ಚೆಲ್ಲೂದು ತಪ್ಪಬಾರದು."

ಅಂದು ಸಾಹುಕಾರರು ಬಂದು ನೋಡಿದರೆ ಇಡೀ ಗಿರಣಿಯಲ್ಲಿ ಒಂದೇ ಜೀವ! ಮ್ಯಾನೇಜರ್ ಸಾಹೇಬರು ಬೆನ್ನ ಮೇಲೆ ಚೀಲ ಹೊತ್ತು ಲಾರಿ ಇಳಿಸುತ್ತಿದ್ದರು.

ಇಲ್ಲಿಯವರೆಗೆ ನಗುವ ಮಾತು. ಆದರೆ ಗೇಟಿನಲ್ಲಿ ಕೂತ ಹೊಸಬ, ತೇವ ಅಳೆಯುವ ಯಂತ್ರದ ಮುಳ್ಳನ್ನೇ ನಂಬಿ ಹಸಿ ಭತ್ತ ಒಳಗೆ ಬಿಟ್ಟಿದ್ದ. ಗೋದಾಮಿನ ರಾಶಿ ಒಳಗೊಳಗೇ ಕಾದು ಕಪ್ಪಾಯಿತು. ಆ ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳಿದ ಕಾಕಾ ಅಂದು ಊಟ ಮಾಡಲಿಲ್ಲ.

"ವಾಪಸ್ ಗೇಟಿಗೆ ಹೋಗ್ರಿ ಕಾಕಾ," ಎಂದೆ.

"ಹೋಗಬೇಕಂತ ಮೊದಲನೇ ದಿನದಿಂದ ಜೀವಾ ಹೊಡಕೊಳ್ಳಾಕತ್ತೈತಿ. ಆದ್ರ ನಿಮ್ಮ ಕಾಕಿ ಮಾದ್ಲಿ ಹಂಚ್ಯಾಳಲ್ಲಪಾ! ಓಣ್ಯಾಗ ಅಕಿ ತನ್ನ ಮಾರಿ ಹೆಂಗ ತೋರಸ್ಬೇಕು?"

ಮ್ಯಾನೇಜರ್ ಆಗಿ ಎರಡು ವರ್ಷವಾದ ಮೇಲೆ, ಕೊನೆಗೆ ಒಂದು ದಿನ ತಾವೇ ಸಾಹುಕಾರರ ಮುಂದೆ ನಿಂತು ಗೇಟಿನ ಕೆಲಸ ಕೇಳಿ ಪಡೆದು, ಅಂದೇ ಗೇಟಿಗೆ ಹೋಗಿ ನಿಂತರು. ನನಗೊಬ್ಬನಿಗೇ ಹೇಳಿದರು. ಕಾಕಿಗೆ ಹೇಳುವ ಧೈರ್ಯ ಬರಲಿಲ್ಲ.

ಮರುದಿನ ಕಾಕಿ ಬಟ್ಟೆ ಒಗೆಯಲು ಕೂತು ಅಂಗಿಯ ಜೇಬಿಗೆ ಕೈಹಾಕಿದಳು. ಒಂದು ಹಿಡಿ ಭತ್ತ! ಹೊಸ್ತಿಲಲ್ಲಿದ್ದ ಕಾಕಾ ಕಳ್ಳನಂತೆ ನಿಂತುಬಿಟ್ಟರು.

ಕಾಕಿ ಒಂದು ಕಾಳು ಆರಿಸಿ ಹಲ್ಲಿನಡಿ ಇಟ್ಟು ಕಟ್ ಎನ್ನಿಸಿದಳು. "ಛಲೋ ಒಣಗ್ಯಾವ," ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಅಂತೂ ಮನಿಗಿ ಬಂದ್ರಿ ಬಿಡ್ರಿ. ಎರಡು ವರ್ಷಾತು ನಿಮ್ಮನ್ನ ನೋಡಿ."