ಯಾರ ಪೈಕಿ ಅಂತ ಹೇಳಬೇಡಿ

ಮಕ್ಕಳಿಗೆ ಬುದ್ಧಿ ಹೇಳುವ ಕೆಲಸಕ್ಕೆ ಸೇರಿದವರಿಗೆ ನಗೆಪಾಟಲು ತಪ್ಪಿದ್ದಲ್ಲ. ಸೊರಬದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ ಆಗಿದ್ದಾಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಮನೆಗಳಿಗೆ ಫೋನು ಬರುತ್ತಿತ್ತು, ಶಿಕಾರಿಪುರದಲ್ಲಿ ಇಂಟರ್‌ನೆಟ್ ಇರುವ ಕಂಪ್ಯೂಟರ್ ಸೆಂಟರೂ ಶುರುವಾಗಿತ್ತು. ಹುಡುಗಿಯರಿಗೆ ಯಾರ್ಯಾರದೋ ಫೋನಿನ ಕಾಟ ಹೆಚ್ಚಾದಾಗ ಹೆಡ್‌ಮಾಸ್ಟರು, ವಾರಕ್ಕೊಂದು ಪೀರಿಯಡ್ ಇದರ ಎಚ್ಚರ ಹೇಳಿಕೊಡಿ ಅಂತ ನನಗೆ ಗಂಟುಹಾಕಿದರು.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವೂರು, ಯಾರ ಪೈಕಿ’ ಅಂತ ಶುರುಮಾಡಿದರೆ ಶಿರಾಳಕೊಪ್ಪ ಬರುವುದರೊಳಗೆ ಮುತ್ತಜ್ಜನ ಹೆಸರು ಹೊರಬಿದ್ದಿರುತ್ತದೆ. ಅಂಥಲ್ಲಿ ಅಪರಿಚಿತರಿಗೆ ಏನೂ ಹೇಳಬೇಡಿ ಅನ್ನುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದೇ ವರ್ಷ ಅಮ್ಮ ನನಗೆ ಗಂಡು ಹುಡುಕುತ್ತಿದ್ದಳು. ಮೂರು ಸಂಬಂಧ ಆಗಲೇ ತಪ್ಪಿಹೋಗಿದ್ದವು. ಹಾಗಾಗಿ ಎಚ್ಚರದ ಪಾಠ ಹೇಳುವಾಗ ನನ್ನ ತಲೆಯೂ ನೆಟ್ಟಗಿರಲಿಲ್ಲ.

೧. ಕೇಳಿದ ಮೇಲೆ

ಮೊದಲ ಪಾಠದಲ್ಲಿ ನಾನೇ ಅಪರಿಚಿತ ಗಂಡಸಾದೆ. ಡಸ್ಟರನ್ನೇ ಫೋನಿನಂತೆ ಹಿಡಿದು ಕುಬಟೂರಿನ ಹುಡುಗನೊಬ್ಬನಿಗೆ ಕರೆ ಮಾಡಿದೆ. ಅವನು ಅಪ್ಪನ ಹೆಸರು ಹೇಳಿದ, ಗದ್ದೆ ಎಲ್ಲಿದೆ ಅಂತ ಹೇಳಿದ, ಮಂಗಳವಾರ ಎಲ್ಲರೂ ಸಂತೆಗೆ ಹೋಗುವುದರಿಂದ ಮನೆಯಲ್ಲಿ ಅಜ್ಜಿ ಒಬ್ಬಳೇ, ಅವಳಿಗೂ ಕಿವಿ ಕೇಳುವುದಿಲ್ಲ ಅಂತಲೂ ಹೇಳಿದ. ನನಗೆ ನಿಜಕ್ಕೂ ಗಾಬರಿಯಾಯಿತು. ಅಲ್ಲೋ, ಕಳ್ಳನಿಗೆ ಇನ್ನೇನು ಬಾಕಿ ಉಳಿಸಿದೆ ಅಂದೆ.

“ಕೇಳಿದ್ಮೇಲೆ ಹೇಳದಿದ್ರೆ ಸೊಕ್ಕು ಅಂತಾರೆ ಮೇಡಂ,” ಅಂದ.

೨. ಸ್ವಂತ ವಿಳಾಸ

ಕಂಪ್ಯೂಟರ್ ಸೆಂಟರಿಗೆ ಹೋಗುವವರಿಗೆ ಇನ್ನೊಂದು ಮಾತು ಹೇಳಿದ್ದೆ: ಚಾಟ್‌ನಲ್ಲಿ ನಿಮ್ಮ ಹೆಸರು, ನಿಮ್ಮ ವಿಳಾಸ ಯಾರಿಗೂ ಕೊಡಬೇಡಿ. ಹತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಚಾಚೂ ತಪ್ಪದೆ ಪಾಲಿಸಿದ. ತನ್ನದರ ಬದಲು ಹೆಡ್‌ಮಾಸ್ಟರ ಹೆಸರು, ವಿಳಾಸ ಕೊಟ್ಟಿದ್ದ.

ತಿಂಗಳು ಕಳೆದ ಮೇಲೆ ಹೆಡ್‌ಮಾಸ್ಟರ ಮನೆಗೆ ವಿದೇಶದ ಅಂಚೆಚೀಟಿಯ ಕಾಗದ ಬಂತು. ಒಳಗೆ ನಗುವ ಹುಡುಗಿಯ ಫೋಟೊ ಇತ್ತು. ಅವರ ಹೆಂಡತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಫೋಟೊ ಓದಲು ಬರುತ್ತಿತ್ತು. ನಾನೂ ಆ ಹುಡುಗನೂ ಹೋಗಿ ನಿಜ ಹೇಳುವವರೆಗೆ, ಒಂದು ವಾರ, ಹೆಡ್‌ಮಾಸ್ಟರು ಮಧ್ಯಾಹ್ನದ ಊಟ ಹೋಟೆಲಿನಲ್ಲೇ ಮಾಡಿದರು.

೩. ಬೀಗದ ಕೈ

ನನ್ನ ಬಾಡಿಗೆ ಮನೆಗೆ ಫೋನಿರಲಿಲ್ಲ. ಪಕ್ಕದ ಮನೆಯ ನಂಬರನ್ನೇ ಎಲ್ಲರಿಗೂ ಕೊಡುತ್ತಿದ್ದೆ. ಆ ಮನೆಯ ಮಗಳು ಒಂಬತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ.

ನಾಲ್ಕನೆಯ ಸಂಬಂಧ ಶಿರಾಳಕೊಪ್ಪದ ಬಟ್ಟೆ ಅಂಗಡಿಯವರದು. ನೋಡಲು ಬರುವ ಮೊದಲು ಹುಡುಗ ಒಂದು ಮಾತಾಡುತ್ತಾನಂತೆ, ಭಾನುವಾರ ಫೋನು ಬರುತ್ತದೆ, ಇದನ್ನೂ ಕಳೆದುಕೊಂಡರೆ ಇನ್ನು ನೀನುಂಟು ನಿನ್ನ ಶಾಲೆಯುಂಟು ಅಂತ ಅಮ್ಮ ಎಚ್ಚರಿಸಿದ್ದಳು. ನನಗೂ ಈ ಸಲ ತಪ್ಪಬಾರದು ಅಂತಿತ್ತು. ಆದರೆ ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಂಡು ಬರುವಷ್ಟರಲ್ಲಿ ಫೋನು ಬಂದುಹೋಗಿತ್ತು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು.

“ಯಾರೋ ಗಂಡಸು ನಿಮ್ಮನ್ನ ಕೇಳ್ತಿದ್ದ, ಮೇಡಂ. ಇದೀರೋ ಇಲ್ವೋ ಅಂತ್ಲೂ ಹೇಳ್ಲಿಲ್ಲ. ನಾನೇ ಅವನ್ನ ಕೇಳ್ದೆ.”

ನೋಟುಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡಿದ್ದಳು. ಯಾರ ಪೈಕಿ, ಎಷ್ಟು ಓದು, ಎಲೆಅಡಿಕೆ ಹಾಕುತ್ತಾನಂತೆ, ಬೇಕಾದರೆ ಬಿಡುತ್ತಾನಂತೆ. ಹಿಂದೆ ಇಬ್ಬರು ಹುಡುಗಿಯರು ಒಲ್ಲೆ ಅಂದಿದ್ದರಂತೆ. ಅಂಗಡಿಯ ಬೀಗದ ಕೈ ಎಲ್ಲಿಡುತ್ತಾನೆ ಅನ್ನುವುದೂ ಇತ್ತು.

ಕೂಡಲೇ ಆ ಪುಟದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಅವರೇ ಎತ್ತಿದರು.

“ಅಲ್ರೀ, ಫೋನ್ ತಗಂಡೋರು ನಿಮ್ ಸೋದರತ್ತೆಯೇನ್ರೀ?” ಅಂದರು. “ಅವ್ರ ಹೆಸ್ರು ಕೇಳಿದ್ರೆ ಹೇಳ್ಲಿಲ್ಲ. ಹೆದ್ರಿ ನಾನೇ ಎಲ್ಲಾ ಹೇಳ್ಬಿಟ್ಟೆ.”

ಸಂಜೆ ಅಮ್ಮ ಫೋನು ಮಾಡಿ, ಏನು ತೀರ್ಮಾನ ಮಾಡಿದೆ ಅಂತ ಹೆದರಿಕೊಂಡೇ ಕೇಳಿದಳು.

“ಒಪ್ಪಿದೀನಮ್ಮ,” ಅಂದೆ. “ಇಂಥವರನ್ನ ಒಬ್ಬರನ್ನೇ ಬಿಡೋದು ಅಪಾಯ.”