ಕಪ್ತಾನನ ಗೆಳೆಯ

ಕನ್ನಡಕದಣ್ಣನ ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ಇನ್ನೂ ನೊರೆಯಿತ್ತು. ಅಷ್ಟರಲ್ಲಿ ಕ್ಷೌರದಂಗಡಿಯವನು ಕತ್ತಿ ಕೆಳಗಿಟ್ಟು ಕೈಕಟ್ಟಿ ನಿಂತುಬಿಟ್ಟ.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಪ್ತಾನ ನಿಮಗೆ ಏನು ಕಡಿಮೆ ಮಾಡಿದ್ದ?”

ಇಷ್ಟಕ್ಕೆಲ್ಲ ಕಾರಣ ಒಂದು ವಾರಪತ್ರಿಕೆ. ಕನ್ನಡಕದಣ್ಣ ನಡೆಸುವ ಕನ್ನಡಕದಂಗಡಿಯ ಪಕ್ಕದಲ್ಲೇ ಔಷಧಿ ಅಂಗಡಿ. ಅದರ ಮಾಲೀಕ ಕನ್ನಡಕದಣ್ಣನಿಗೆ ಶಾಲೆಯ ಬೆಂಚಿನಿಂದಲೂ ಜೀವದ ಗೆಳೆಯ. ಅವನು ಆ ಪತ್ರಿಕೆಗೆ ಕಡಲ ಸಾಹಸದ ಧಾರಾವಾಹಿ ಬರೆಯಲು ಶುರುಮಾಡಿದ ಮೇಲೆ ಬೀದಿಯವರ ಬಾಯಲ್ಲಿ ‘ಸಾಹಿತಿಗಳು’ ಆಗಿದ್ದ. ಕತೆಯ ನಾಯಕ ಒಬ್ಬ ಧೀರ ಕಪ್ತಾನ. ಅವನಿಗೊಬ್ಬ ಗೆಳೆಯ: ಗುಂಡುಮುಖ, ಹೆದರಿದರೆ ಬಿಕ್ಕಳಿಕೆ. ಬೀದಿಯಲ್ಲಿ ಗುಂಡುಮುಖ ಇದ್ದದ್ದು ಒಂದೇ, ಹೆದರಿದಾಗ ಬಿಕ್ಕಳಿಸುವ ಗಂಟಲೂ ಒಂದೇ. ಹಾಗಾಗಿ ಗೆಳೆಯ ಎಂದರೆ ಕನ್ನಡಕದಣ್ಣ, ಕಪ್ತಾನ ಎಂದರೆ ಸಾಹಿತಿಗಳು ಎಂದು ಎಲ್ಲರೂ ತೀರ್ಮಾನಿಸಿದ್ದರು. ಇಷ್ಟು ದಿನ ಅದರಿಂದ ಕನ್ನಡಕದಣ್ಣನಿಗೂ ಒಳಗೊಳಗೇ ಖುಷಿಯಿತ್ತು.

ಆದರೆ ಈ ವಾರದ ಕಂತಿನಲ್ಲಿ ಗೆಳೆಯ ಹಡಗಿನ ಮೂಲೆಯಲ್ಲಿ ನಿಂತು, ‘ಎಲ್ಲರೂ ಅವನನ್ನೇ ಹೊಗಳುತ್ತಾರೆ. ಅವನ ಪಕ್ಕದಲ್ಲಿ ನಿಲ್ಲುವುದಕ್ಕೇ ನಾನು ಹುಟ್ಟಿದ್ದೇ?’ ಎಂದುಕೊಂಡಿದ್ದ. ಆಮೇಲೆ ಶತ್ರುವಿನ ಕೈ ಕುಲುಕಿದ್ದ.

“ಅದು ಕತೆ ಕಣಯ್ಯ,” ಎಂದ ಕನ್ನಡಕದಣ್ಣ.

“ಕತೇನೇ ಇರಬಹುದು. ಬೆಂಕಿಯಿಲ್ಲದೆ ಅಷ್ಟು ಹೊಗೆ ಬರೆಯೋಕಾಗುತ್ತಾ?”

ಕನ್ನಡಕದಣ್ಣನಿಗೆ ಬಿಕ್ಕಳಿಕೆ ಬಂತು. ಕ್ಷೌರದವನು ಕನ್ನಡಿಯ ಕಡೆ ತಿರುಗಿ, “ನೋಡಿದ್ರಾ?” ಎಂದು ಕಾಯುತ್ತಿದ್ದವರನ್ನು ಕೇಳಿದ. ಅವರೆಲ್ಲ ತಲೆಯಾಡಿಸಿದರು. ಉಳಿದರ್ಧ ಗಡ್ಡವನ್ನು ಹೊತ್ತುಕೊಂಡೇ ಕನ್ನಡಕದಣ್ಣ ಅಲ್ಲಿಂದ ಎದ್ದುಬಂದ.

ಅಂಗಡಿಯಲ್ಲಿ ನಿವೃತ್ತ ಟೀಚರಮ್ಮ ಕಾಯುತ್ತಿದ್ದರು. ಹೊಸ ಕನ್ನಡಕ ಹಾಕಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಚೆನ್ನಾಗಿ ಕಾಣ್ತಿದೆಯಾ ಅಮ್ಮಾ?”

“ಈಗ ಕಾಣ್ತಿದೆಯಪ್ಪ. ಇಷ್ಟು ವರ್ಷ ನಿನ್ನನ್ನ ಸರಿಯಾಗಿ ನೋಡೇ ಇರಲಿಲ್ಲ.”

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಹೆಂಡತಿ ಬಡಿಸುತ್ತ, ಅವನ ಮುಖ ನೋಡದೆಯೇ ಕೇಳಿದಳು. “ರೀ, ನಿಜ ಹೇಳಿ. ನಿಮಗೆ ಅವರ ಮೇಲೆ ಹೊಟ್ಟೆಕಿಚ್ಚಿದೆಯಾ?”

“ನಿನಗೂ ತಲೆ ಕೆಟ್ಟಿದೆಯಾ?”

“ಪತ್ರಿಕೇಲಿ ಅವರ ಫೋಟೋ ಬಂದ ದಿನ ನೀವು ಊಟಾನೇ ಮಾಡಲಿಲ್ಲ.”

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ದಿನ ಹಾಸಿಗೆಯಲ್ಲಿ ಹೊರಳಾಡುತ್ತ ಅವನೂ ಹೆಚ್ಚುಕಡಿಮೆ ಅದನ್ನೇ ಯೋಚಿಸಿದ್ದ: ಇವನ ಪಕ್ಕದಲ್ಲಿ ನಿಲ್ಲುವುದಕ್ಕೇ ನಾನು ಹುಟ್ಟಿದ್ದೇ? ಯಾರಿಗೂ ಹೇಳದ ಮಾತು ಪತ್ರಿಕೆಗೆ ಹೋದದ್ದು ಹೇಗೆ? ಎಷ್ಟಾದರೂ ಗೆಳೆಯ. ಎದೆಯೊಳಗೆ ಇಣುಕಿ ನೋಡಿಬಿಟ್ಟಿದ್ದಾನೆ. ಕನ್ನಡಕದಣ್ಣನಿಗೆ ಅವಮಾನವೂ ಆಯಿತು, ಅಳುವೂ ಬಂತು.

ನಿಷ್ಠೆಯನ್ನು ಎಲ್ಲರೆದುರು ತೋರಿಸಿಬಿಡಬೇಕು ಎಂದು ನಿರ್ಧರಿಸಿ ಅವನು ಬೀದಿಗಿಳಿದ. ಚಹಾದಂಗಡಿಯ ಮುಂದೆ ನಿಂತು, “ನಮ್ಮ ಸಾಹಿತಿಗಳಂಥ ಮನುಷ್ಯ ಇನ್ನೊಬ್ಬರಿಲ್ಲ,” ಎಂದು ಯಾರೂ ಕೇಳದಿದ್ದರೂ ಹೇಳಿದ. “ಒಳಗೇನೋ ಮಸಲತ್ತಿರಬೇಕು,” ಎಂದಿತು ಒಂದು ಬೆಂಚು. “ಕತೇಲೂ ಆ ಗೆಳೆಯ ಮೊದಲು ಹೀಗೇ ಹೊಗಳ್ತಿದ್ದ,” ಎಂದಿತು ಇನ್ನೊಂದು. ಔಷಧಿ ಅಂಗಡಿಯ ಹೆಸರಿನ ಹಲಗೆ ಧೂಳು ಹಿಡಿದಿದೆಯೆಂದು ಏಣಿ ಹತ್ತಿ ಒರೆಸಲು ಹೋದ. ಹಲಗೆಯ ಒಂದು ಮೊಳೆ ಕಿತ್ತುಬಂದು ಹಲಗೆ ನೇತಾಡತೊಡಗಿತು. “ಹೆಸರನ್ನೇ ಕೆಳಗಿಳಿಸೋಕೆ ಹೊರಟ,” ಎಂದು ಚಹಾದಂಗಡಿಯೇ ಎದ್ದು ನಿಂತಿತು.

ಸಂಜೆ ಗಿರಾಕಿಗಳು ಕರಗಿದ ಮೇಲೆ ಅವನು ಔಷಧಿ ಅಂಗಡಿಗೆ ನುಗ್ಗಿದ. ಗೆಳೆಯ ಮಾತ್ರೆಗಳ ಡಬ್ಬಿಗಳ ಹಿಂದೆ ಅಡಗಿದವನಂತೆ ಕೂತಿದ್ದ.

“ತಪ್ಪಾಯ್ತು ಕಣೋ,” ಎಂದ ಕನ್ನಡಕದಣ್ಣ. “ಒಂದು ದಿನ, ಒಂದೇ ಒಂದು ದಿನ ನಂಗೆ ಹೊಟ್ಟೆಕಿಚ್ಚಾಗಿದ್ದು ನಿಜ. ಆದರೆ ಶತ್ರು ಕೈ ಕುಲುಕೋ ಜಾತಿಯವನಲ್ಲ ನಾನು. ಅದನ್ನ ತಿದ್ದು.”

ಸಾಹಿತಿಗಳು ಅವನನ್ನೇ ಪೆಚ್ಚಾಗಿ ನೋಡಿದರು. “ಆ ಗೆಳೆಯ ನೀನಲ್ಲ.”

“ಮತ್ಯಾರು? ಮುಖ ನಂದು, ಬಿಕ್ಕಳಿಕೆ ನಂದು.”

“ಮುಖ ನಿಂದೇ. ಮನಸ್ಸು ನಂದು. ನನ್ನ ಮುಖಾನೇ ಬರೆದಿದ್ರೆ ಗೊತ್ತಾಗಿಬಿಡ್ತಿತ್ತಲ್ಲ, ಅದಕ್ಕೇ ನಿಂದು ಎರವಲು ತಗೊಂಡೆ. ಕಪ್ತಾನ ನೀನು ಕಣೋ.”

ಕನ್ನಡಕದಣ್ಣ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಬೆಳಗಿನಿಂದ ಹೊತ್ತು ತಿರುಗಿದ ಮೂಟೆ ಜಾರಿಬಿದ್ದಂತಾಯಿತು. ಕಪ್ತಾನ! ಎದೆ ತಾನಾಗಿಯೇ ಒಂದಂಗುಲ ಮುಂದೆ ಬಂತು.

“ನಿನ್ನ ಅಂಗಡಿಗೆ ಬಂದೋರು ನಗ್ತಾ ಹೋಗ್ತಾರೆ,” ಎಂದ ಗೆಳೆಯ. “ನನ್ನ ಅಂಗಡಿಗೆ ಬರೋರು ಕೆಮ್ತಾ ಬಂದು ಕೆಮ್ತಾನೇ ಹೋಗ್ತಾರೆ. ಶಾಲೇಲೂ ಅಷ್ಟೇ, ಎಲ್ಲರಿಗೂ ನೀನೇ ಬೇಕಿತ್ತು.”

“ಅಯ್ಯೋ ಹುಚ್ಚಪ್ಪ, ಅಷ್ಟಕ್ಕೆ ಯಾರಾದ್ರೂ…” ಎನ್ನುತ್ತಿದ್ದ ಕನ್ನಡಕದಣ್ಣ ತಟ್ಟನೆ ಮಾತು ನಿಲ್ಲಿಸಿದ. “ಹಾಗಾದ್ರೆ ಶತ್ರು ಯಾರು?”

ಗೆಳೆಯನ ಕಣ್ಣಲ್ಲಿ ನೀರಾಡಿತು. “ನಮ್ಮ ಕಟ್ಟಡದ ಓನರು. ನಡುವಿನ ಗೋಡೆ ಒಡೆದು ನಿನ್ನ ಮಳಿಗೇನೂ ನಂಗೇ ಬಾಡಿಗೆಗೆ ಕೊಡ್ತೀನಿ ಅಂದ. ಬಾಯಿ ತಪ್ಪಿ ‘ಹೂಂ’ ಅಂದುಬಿಟ್ಟೆ. ನಿನ್ನ ಮುಖ ನೋಡಿ ಹೇಳೋಕೆ ಧೈರ್ಯ ಸಾಲದೆ ಕತೇಲಿ ಬರೆದೆ.”

“ಲೋ, ಈಗಲೇ ಹೋಗಿ ಬೇಡ ಅನ್ನೋ.”

“ಅಂತೀನಿ. ಮುಂದಿನ ಕಂತಲ್ಲಿ ಮೊದಲು ಗೆಳೆಯ ಹೇಳಲಿ. ಅವನು ಹೇಳಿದ್ರೆ ನಂಗೂ ಧೈರ್ಯ ಬರುತ್ತೆ,” ಎಂದವನೇ ಅವನು ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅಳತೊಡಗಿದ.

ಕೂಗಾಡಬೇಕೆಂದು ಬಾಯಿ ತೆರೆದ ಕನ್ನಡಕದಣ್ಣನ ಕೈ, ಹಳೆಯ ಅಭ್ಯಾಸಬಲದಿಂದ, ಗೆಳೆಯನ ಬೆನ್ನು ತಟ್ಟತೊಡಗಿತು. “ಅಳಬೇಡ್ವೋ. ಆಯ್ತು, ಸುಮ್ಮನಿರು. ತಪ್ಪು ಎಲ್ಲರಿಂದಲೂ ಆಗುತ್ತೆ.”

ಅಳು ಕೇಳಿ ಬಾಗಿಲಲ್ಲಿ ಜನ ಸೇರಿದ್ದರು. ಕ್ಷೌರದಂಗಡಿಯವನು ಮುಂದಿದ್ದ. ಕೊನೆಯ ಮಾತೊಂದೇ ಅವರ ಕಿವಿಗೆ ಬಿದ್ದಿತ್ತು.

“ಸಾಹಿತಿಗಳೇ, ಕನ್ನಡಕದಣ್ಣ ಬಾಯ್ಬಿಟ್ಟು ತಪ್ಪೊಪ್ಪಿಕೊಂಡಿದ್ದಾರೆ,” ಎಂದ ಕ್ಷೌರದವನು ಮೆತ್ತಗೆ. “ಎಷ್ಟಂದ್ರೂ ಹಳೇ ಗೆಳೆಯ. ದೊಡ್ಡ ಮನಸ್ಸು ಮಾಡಿ ಒಂದ್ಸಲ ಕ್ಷಮಿಸಿಬಿಡಿ.”

ಸಾಹಿತಿಗಳು ತಲೆಯೆತ್ತಿದರು. ಜನರನ್ನು ನೋಡಿದರು, ಗೆಳೆಯನನ್ನು ನೋಡಿದರು. ಕಣ್ಣೊರೆಸಿಕೊಂಡು ಹೇಳಿದರು:

“ಕ್ಷಮಿಸಿದ್ದೀನಿ.”