ಟಿಕೆಟ್ ಇಲ್ಲದವರು ಕಿಟಕಿ ನೋಡುತ್ತಾರೆ

ನಮ್ಮ ಮಾವನಿಗೆ ನೀವು ಒಮ್ಮೆ ಹುಟ್ಟುಹಬ್ಬದ ಶುಭಾಶಯ ಹೇಳಿ ನೋಡಿ. ನಗುವುದಿಲ್ಲ, ‘ಥ್ಯಾಂಕ್ಸ್’ ಅನ್ನುವುದಿಲ್ಲ. “ಯಾರು ಹೇಳ್ದೋರು ನಿಂಗೆ?” ಎಂದು ಕೇಳುತ್ತಾರೆ. ಹೇಳಿದವರ ಹೆಸರು ಕೊಟ್ಟಿರೋ, “ಅವ್ನಿಗೆ ಯಾರು ಹೇಳ್ದೋರು?” ಎನ್ನುತ್ತಾರೆ. ಹೀಗೇ ಹಿಂದೆ ಹಿಂದೆ ಹೋದರೆ ಕೊನೆಗೆ ಹೆತ್ತ ತಾಯಿಯ ಹತ್ತಿರವೇ ಹೋಗಿ ನಿಲ್ಲಬೇಕು. ಆಕೆ ಹೇಳಿದ್ದನ್ನಾದರೂ ಮಾವ ನಂಬಿದರೇ? “ಕಾಲುವೆಗೆ ನೀರು ಬಿಟ್ಟ ದಿನ ಹುಟ್ದೆ ಅಂತಿದ್ಳು ಅವ್ವ. ಯಾವ ವರ್ಷದ ನೀರು ಅಂತ ಕೇಳಿದ್ರೆ ಮಾತಿರ್ಲಿಲ್ಲ” ಎಂದು ಇವತ್ತಿಗೂ ಗೊಣಗುತ್ತಾರೆ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ತಮಿಳುನಾಡಿನ ಚಿನ್ನಮನೂರಿನಲ್ಲಿ ನಮ್ಮದೇ ಬೀದಿ. ಹೆಸರು ಮಾತ್ರ ಹೇಳಲಾರೆ. ಹೇಳಿದರೂ ಅಪಾಯ ಕಡಿಮೆ ಅನ್ನಿ, ಯಾಕೆಂದರೆ ನಮ್ಮ ಜನ ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದಿದ್ದರೂ ಓದು ಬರಹವೆಲ್ಲ ತಮಿಳಿನಲ್ಲೇ. ನಾನೊಬ್ಬಳು ಹಟ ಹಿಡಿದು ಕನ್ನಡದ ಅಕ್ಷರ ಕಲಿತೆ. ಕಲಿಯುವಾಗ ಮಾವ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. “ಆಡೋ ಮಾತ ಯಾಕ ಬರೀತಿ ಪಾಪ? ನಾವು ಆಡಿದ್ದು ಯಾರ್ಗೆ ಗೊತ್ತಾಗ್ಬೇಕು?” ಎಂದರು. ಅವರ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ ಎನ್ನುವುದಕ್ಕೆ ಈ ಬರಹವೇ ಸಾಕ್ಷಿ.

ಅವರನ್ನೂ ಬೈಯುವಂತಿಲ್ಲ. ಅನುಮಾನವೇ ಅವರ ಉದ್ಯೋಗ. ಮಾವ ಸರ್ಕಾರಿ ಬಸ್ಸಿನಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದರು. ತೇನಿಯಿಂದ ಕಂಬಂವರೆಗಿನ ರಸ್ತೆಯಲ್ಲಿ ಯಾವ ಹುಣಸೇಮರದ ಮರೆಯಿಂದ ಬಂದು ಕೈ ಅಡ್ಡ ಹಾಕುತ್ತಾರೆ ಎನ್ನುವುದು ಯಾವ ಡ್ರೈವರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸು ಹತ್ತಿದರೆ ಮೊದಲು ಟಿಕೆಟ್ ಕೇಳುವವರಲ್ಲ. ಮುಂದೆ ನಿಂತು ಎಲ್ಲರ ಮುಖವನ್ನೂ ಒಮ್ಮೆ ನೋಡುತ್ತಿದ್ದರು, ಅಷ್ಟೇ. “ಟಿಕೆಟ್ ಇರೋನು ನನ್ನ ನೋಡ್ತಾನೆ. ಇಲ್ಲದೋನು ಕಿಟಕಿ ನೋಡ್ತಾನೆ” ಎಂಬುದು ಅವರು ಕಂಡುಕೊಂಡ ಸತ್ಯ. ಅದನ್ನು ಮನೆಗೂ ತಂದರು. ಡಬ್ಬಿಯ ಮುರುಕು ಖಾಲಿಯಾದಾಗ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಸುಮ್ಮನೆ ನೋಡುತ್ತಿದ್ದರು. ಹೊರಗೆ ಆನೆಯೇ ಹೋದರೂ ನಾವು ಕಿಟಕಿಯ ಕಡೆ ತಿರುಗುತ್ತಿರಲಿಲ್ಲ.

ಹೆಂಗಸರಿಗೆ ಟೌನ್ ಬಸ್ಸು ಉಚಿತವಾದಾಗ ಮಾವನಿಗೆ ಅರ್ಧ ಜೀವ ಹೋದ ಹಾಗಾಯಿತು. ಬಸ್ಸಿನ ಅರ್ಧ ಮುಖಗಳನ್ನು ನೋಡಿ ಪ್ರಯೋಜನವಿಲ್ಲ! ಆದರೂ ಬಿಟ್ಟಾರೆಯೇ? ಕಿಟಕಿ ನೋಡುತ್ತಾ ಕೂತಿದ್ದ ಒಬ್ಬ ಅಜ್ಜಿಯನ್ನು ಹಿಡಿದು, “ಕೈಯಲ್ಲಿ ಫ್ರೀ ಟಿಕೆಟ್ ಇದೆ, ಮತ್ಯಾಕ ಆ ಕಡೆ ನೋಡ್ತಿ?” ಎಂದು ವಿಚಾರಿಸಿದರಂತೆ. ಅಜ್ಜಿ “ಗಾಳಿಗಪ್ಪಾ” ಅಂದಿತು. ಮಾವ ಆ ಸಂಜೆ ಊಟಕ್ಕೆ ಕೂತವರು, “ಆ ಮುದುಕಿ ಹತ್ರ ಏನೋ ಇದೆ” ಎಂದು ಎರಡು ಸಲ ಹೇಳಿದರು.

ಇಂಥವರಿಗೆ ಅರವತ್ತು ತುಂಬುವ ಕಾಲ ಬಂತು. ಮೊದಲ ಅಪಾಯ ಫೋನಿನಲ್ಲಿ ಬಂತು. ತೇನಿಯ ಒಂದು ಬಂಗಾರದಂಗಡಿಯಿಂದ ಹುಟ್ಟುಹಬ್ಬದ ಶುಭಾಶಯ, ಅದರ ಜೊತೆ ಕೇಕಿನ ಚಿತ್ರ. ಮಾವ ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು, ಮೊಪೆಡ್ ತೆಗೆದು, ತೇನಿಯವರೆಗೂ ಹೋಗಿ ಅಂಗಡಿಯ ಹುಡುಗಿಯನ್ನು ಕೇಳಿದರು. “ಮನೆಯವರಿಗೆ ಮೂಗುತಿ ತಗೊಂಡಾಗ ಹುಟ್ಟಿದ ದಿನ ನೀವೇ ಕೊಟ್ಟಿದ್ದು ಸಾರ್” ಎಂದು ಹುಡುಗಿ ನಕ್ಕಳು. ಮಾವ ಮನೆಗೆ ಬಂದು ಅತ್ತೆಯ ಮೂಗನ್ನು ಗುರಾಯಿಸಿದರು. “ಮೂಗ್ತಿ ನಿಂಗೆ. ದಿನ ನಂದು ಯಾಕ ಕೇಳ್ದ್ರು?” ಅತ್ತೆ ದೋಸೆ ತಿರುವಿ ಹಾಕಿ, “ನನ್ನ ಕೇಳಿದ್ರೆ ನಾನೂ ಕೊಡ್ತಿದ್ದೆ. ಯಾರೂ ಕೇಳ್ಲಿಲ್ಲ” ಎಂದರು.

ಎರಡನೆಯ ಅಪಾಯ ಶಾಲಿನದು. ನಮ್ಮ ಕಡೆ ಸನ್ಮಾನಕ್ಕೆ ಹೊದಿಸುವ ಜರಿ ಶಾಲಿಗೆ ಪೊನ್ನಾಡೆ ಅನ್ನುತ್ತಾರೆ. ಅದರ ಬಗ್ಗೆ ಮಾವನದು ದೊಡ್ಡ ಸಂಶೋಧನೆ. ಪೊನ್ನಾಡೆ ಹೊದ್ದ ಮೇಷ್ಟ್ರು ಮರುದಿನ ಇಸ್ಕೂಲಿಗೆ ಹೋಗಲಿಲ್ಲ. ಪೊನ್ನಾಡೆ ಹೊದ್ದ ಪೋಸ್ಟ್‌ಮ್ಯಾನು ಮರುದಿನ ಕಾಗದ ಹಂಚಲಿಲ್ಲ. “ಮನುಷ್ಯನ್ನ ಹೊರಗೆ ಹಾಕೋಕೆ ಮುಂಚೆ ಮುಚ್ಚೋ ಬಟ್ಟೆ ಅದು” ಎನ್ನುತ್ತಿದ್ದರು. ಹಾಗಾಗಿ ಕೊನೆಯ ತಿಂಗಳು ಡಿಪೋದಲ್ಲಿ ಯಾರಾದರೂ ಕೈ ಹಿಂದೆ ಕಟ್ಟಿಕೊಂಡು ಹತ್ತಿರ ಬಂದರೆ ಮಾವ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಿವೃತ್ತಿಯ ದಿನ ಮಾತ್ರ ಗೋಡೆ ಸಿಗಲಿಲ್ಲ. ಮುಂದಿನಿಂದ ಇಬ್ಬರು ಕೈಕುಲುಕಿ ಹಿಡಿದುಕೊಂಡರು, ಹಿಂದಿನಿಂದ ಮೂರನೆಯವನು ಹೊದಿಸಿಬಿಟ್ಟ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪ್ರೀತಿಯಿಂದ ಒಂದು ಉಡುಗೊರೆಯನ್ನೂ ಕೊಟ್ಟರು. ಏನು ಅಂತೀರಿ? ಮಾವನದೇ ಫೋಟೋ! ಸಮವಸ್ತ್ರದಲ್ಲಿ, ಆಳೆತ್ತರಕ್ಕೆ ಸ್ವಲ್ಪ ಕಡಿಮೆ, ಬಂಗಾರದ ಬಣ್ಣದ ಕಟ್ಟು. ಅದಕ್ಕೆ ಗಂಧದ ಚಕ್ಕೆಯ ಹಾರ ಬೇರೆ. ಮಾವ ಅದನ್ನು ಆಟೋದಲ್ಲಿ ತಂದು ಪಡಸಾಲೆಯಲ್ಲಿ ಒರಗಿಸಿ ನಿಂತರು. “ಇನ್ನು ಒಂದು ದೀಪ ಹಚ್ಚಿ ಊಟ ಹಾಕೋದೊಂದೇ ಬಾಕಿ” ಎಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಫೋಟೋ ಮರುದಿನವೇ ಮಾವನ ತೆಂಗಿನ ತೋಟಕ್ಕೆ ಹೋಗಿ ಪಂಪಿನ ಮೋಟಾರು ರೂಮಿನ ಗೋಡೆ ಸೇರಿತು. ಅಲ್ಲಿಂದಾಚೆ ತೋಟದಲ್ಲಿ ಎಳನೀರು ಕಳುವಾಗುವುದು ನಿಂತುಹೋಯಿತು ಎನ್ನುವುದು ಬೇರೆ ವಿಷಯ.

ನಿವೃತ್ತಿಯಾದ ವಾರದಲ್ಲೇ ತಾವು ಆಳಿದ ದಾರಿಯಲ್ಲೇ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ಹೊರಟರು. ಜೊತೆಗೆ ನಾನೂ ಇದ್ದೆ. ಒಬ್ಬಳು ಕಾಲೇಜು ಹುಡುಗಿ ಎದ್ದು ನಿಂತು, “ತಾತಾ, ಉಕ್ಕಾರುಂಗ” ಎಂದು ತಮಿಳಿನಲ್ಲಿ ಸೀಟು ತೋರಿಸಿದಳು. ಮಾವ ಕೂರಲಿಲ್ಲ. ನಿನ್ನ ಊರು ಯಾವುದು, ಅಪ್ಪನ ಹೆಸರೇನು, ಈ ಸೀಟಿಗೆ ಏನಾಗಿದೆ ಎಂದು ವಿಚಾರಣೆ ಶುರು ಮಾಡಿದರು. ಪಾಪದ ಹುಡುಗಿ ಮುಂದಿನ ಸ್ಟಾಪಿನಲ್ಲಿ ಇಳಿದುಹೋಯಿತು. ಖಾಲಿ ಸೀಟಿನ ಪಕ್ಕದಲ್ಲೇ ಮಾವ ತೇನಿಯವರೆಗೂ ಕಂಬಿ ಹಿಡಿದು ನಿಂತಿದ್ದರು, ನನ್ನನ್ನೂ ಕೂರಗೊಡಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಕಡೆ ಗಂಡನಿಗೆ ಅರವತ್ತು ತುಂಬಿದರೆ ಮಕ್ಕಳು ಸೇರಿ ಅಪ್ಪ ಅಮ್ಮನಿಗೆ ಮತ್ತೆ ಮದುವೆ ಮಾಡುತ್ತಾರೆ. ಅದೇ ಗಂಡ ಅದೇ ಹೆಂಡತಿಗೆ ಇನ್ನೊಂದು ತಾಳಿ ಕಟ್ಟಬೇಕು. ಅತ್ತೆಗೆ ಇದು ಬೇಕಿತ್ತು. ಬದುಕಿನಲ್ಲಿ ಅವರು ಬಾಯಿಬಿಟ್ಟು ಬೇಕು ಅಂದದ್ದು ನನಗೆ ತಿಳಿದ ಹಾಗೆ ಇದೊಂದೇ. ಯಾಕೆ ಅತ್ತೆ ಎಂದು ಕೇಳಿದ್ದಕ್ಕೆ, “ಮೊದಲನೇ ಮದ್ವೇಲಿ ತಲೆ ತಗ್ಗಿಸಿ ಅತ್ತಿದ್ದೇ ಆಯ್ತು. ಇವ್ರ ಮೊಕಾನೇ ನೋಡ್ಲಿಲ್ಲ. ಈ ಸಲ ನೋಡ್ತೀನಿ” ಎಂದರು. ಅದಕ್ಕೆಂದೇ ನೇಕಾರರ ಊರು ಚಿನ್ನಾಳಪಟ್ಟಿಗೆ ಹೋಗಿ ಅರಿಸಿನ ಬಣ್ಣದ ಸೀರೆ ತಂದಿಟ್ಟಿದ್ದರು.

ಮಾವನಿಗೆ ಮದುವೆ ಅಂದರೆ ಸಾಕು, ಎದ್ದು ಹೋಗುತ್ತಿದ್ದರು. “ಅಲ್ಲಿ ಡಿಪೋದೋರು ಮುಚ್ಚಿದ್ರು, ಇಲ್ಲಿ ನೀವು ಹಾರ ಹಾಕ್ತೀರಿ. ಎಲ್ರೂ ಸೇರಿ ಮಾತಾಡ್ಕೊಂಡಿದ್ದೀರಿ” ಎಂಬುದು ಅವರ ವಾದ. ದಿಂಡಿಗಲ್ಲಿನಲ್ಲಿರುವ ಅವರ ಮಗಳು ಫೋನಿನಲ್ಲಿ ಅತ್ತಳು. ನನ್ನ ಅಮ್ಮ ಜಗಳವಾಡಿದಳು. ಕೊನೆಗೆ ನಾವು ಹೆಂಗಸರೆಲ್ಲ ಸೇರಿ ಉಪಾಯ ಮಾಡಿದೆವು. ಪಕ್ಕದ ಊರು ಮಾರ್ಕಯನ್‌ಕೋಟ್ಟೈಯಲ್ಲಿ ನೆಂಟರು ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ಗೃಹಪ್ರವೇಶ, ಹಾಲು ಕಾಯಿಸುತ್ತಾರೆ, ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಹೊರಡಬೇಕು ಎಂದು ಹೇಳಿದೆವು. ಮಾವ ತಲೆಯಾಡಿಸಿದರು. ನಾವು ಗೆದ್ದೆವು ಅಂದುಕೊಂಡೆವು.

ಮಧ್ಯಾಹ್ನ ಮೊಪೆಡ್ ಮಾರ್ಕಯನ್‌ಕೋಟ್ಟೈಗೆ ಹೋಗಿ ಬಂತು. ಮಾವ ಪಂಚೆ ಮೇಲೆ ಕಟ್ಟಿ ಬಾಗಿಲಲ್ಲಿ ನಿಂತು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. “ಗೋಡೆ ಮೊಣಕಾಲುದ್ದ ಎದ್ದಿದೆ. ಹಾಲು ಎಲ್ಲಿ ಕಾಯಿಸ್ತೀರಿ, ಇಟ್ಟಿಗೆ ಮೇಲಾ?” ಎಂದರು. ಅಮ್ಮ ಕಿಟಕಿ ನೋಡಿದಳು. ನಾನೂ ಕಿಟಕಿ ನೋಡಿದೆ.

ಗುಟ್ಟು ರಟ್ಟಾದ ಮೇಲೆ ಮುಚ್ಚುಮರೆ ಯಾಕೆಂದು ಮದುವೆಯ ದಿನವನ್ನೇ ಹೇಳಿಬಿಟ್ಟೆವು. ಮಾವ ಎದ್ದು ಹೋಗಿ ಮೊಪೆಡ್ಡಿನ ಧೂಳು ಒರೆಸತೊಡಗಿದರು. ಆ ದಿನ ಬೆಳಗ್ಗೆ ದೇವಸ್ಥಾನದ ಪಕ್ಕದ ಛತ್ರಕ್ಕೆ ಬಾಳೆಕಂದು ಕಟ್ಟಿ ಆಯಿತು, ಅಯ್ಯರು ಬಂದು ಕಲಶಕ್ಕೆ ನೂಲು ಸುತ್ತಿ ಆಯಿತು, ಅತ್ತೆ ಅರಿಸಿನದ ಸೀರೆ ಉಟ್ಟು ಮಲ್ಲಿಗೆ ಮುಡಿದು ಕೂತರು. ಮದುಮಗ ಮಾತ್ರ ಇಲ್ಲ. ಮೊಪೆಡ್ಡೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅರವತ್ತು ವರ್ಷದ ಗಂಡು ಮುಹೂರ್ತದ ಹೊತ್ತಿಗೆ ಓಡಿಹೋಗುವುದೆಂದರೇನು? ಸ್ಕೂಟಿ ತೆಗೆದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತರು.

ಊಹಿಸಿದಂತೆಯೇ ತೋಟದ ಮೋಟಾರು ರೂಮಿನಲ್ಲಿ ಮಾವ ಇದ್ದರು. ಗೋಡೆಯ ಮೇಲೆ ಹಾರ ಹಾಕಿಕೊಂಡ ಮಾವ, ಅದರ ಕೆಳಗೆ ಗೊಬ್ಬರದ ಚೀಲದ ಮೇಲೆ ಬರೀ ಬನಿಯನ್ನಿನ ಮಾವ. ಅತ್ತೆ ಹೊರಗೇ ನಿಂತರು. ನಾನು ಒಳಗೆ ನುಗ್ಗಿದೆ.

“ಇಲ್ಲೇನ ಮಾಡ್ತಿದ್ದೀರಿ ಮಾಮ?”

“ಕರೆಂಟು ಬತ್ತದೆ ಅಂದ್ರು. ನೀರು ಹಾಯಿಸ್ಬೇಕು” ಎಂದು ಹೇಳಿ ಮಾವ ಕಿಟಕಿಯಾಚೆಯ ತೆಂಗಿನಮರವನ್ನು ನೋಡಿದರು.

“ಮಾಮ, ಕಿಟಕಿ ನೋಡ್ತಿದ್ದೀರಿ” ಎಂದೆ.

ಮಾವ ತಟ್ಟನೆ ನನ್ನ ಕಡೆ ತಿರುಗಿದರು. ಜೀವಮಾನದಲ್ಲಿ ಅವರನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು.

“ನಮ್ಮಪ್ಪನ ಅರವತ್ತರ ಮದ್ವೆ ನಾನೇ ಮುಂದೆ ನಿಂತು ಮಾಡ್ಸಿದೆ. ಬೇಡ ಬೇಡ ಅಂದ್ರು, ಬಿಡ್ಲಿಲ್ಲ. ತಾಳಿ ದಾರದ ಅರಿಸಿನ ಮಾಸೋಕೆ ಮುಂಚೆ ಹೋಗ್ಬಿಟ್ರು. ಅವ್ವನ ಕತ್ತಲ್ಲಿ ಎರಡು ತಾಳಿ ಇದ್ವು. ಎರಡನ್ನೂ ತೆಗೆದ್ರು ಪಾಪ, ಒಂದಾದ ಮೇಲೆ ಒಂದು. ನಾನು ಪಕ್ಕದಲ್ಲೇ ನಿಂತಿದ್ದೆ. ನಿಮ್ಮತ್ತೆಗೆ ಒಂದು ಕಟ್ಟಿದ್ದೀನಿ. ಅದೊಂದೇ ಇರ್ಲಿ. ತೆಗೆಯೋವಾಗ ಒಂದೇ ತೆಗೀಲಿ.”

ಇಷ್ಟು ದಿನ ಈ ಮನುಷ್ಯ ಶಾಲಿನ ಮೇಲೆ, ಫೋಟೋ ಮೇಲೆ, ಸೀಟು ಬಿಟ್ಟ ಹುಡುಗಿಯ ಮೇಲೆ ಅನುಮಾನ ಪಟ್ಟದ್ದನ್ನು ಕಂಡು ನಕ್ಕಿದ್ದೆವು. ಅವರ ಅನುಮಾನವೆಲ್ಲ ಇದ್ದದ್ದು ಆ ಅರಿಸಿನದ ದಾರದ ಮೇಲೆ.

ಅತ್ತೆ ಬಾಗಿಲಿನಿಂದ ಒಳಗೆ ಬಂದರು. ಅಳಲಿಲ್ಲ. ಮೋಟಾರಿನ ಮೇಲಿನ ಧೂಳು ತಗುಲದ ಹಾಗೆ ಸೀರೆ ಒತ್ತಿ ಹಿಡಿದು ಗಂಡನ ಎದುರು ನಿಂತರು.

“ಇಲ್ಲಿ ನೋಡಿ. ತೆಗೆದಿದ್ದು ನೀವು ನೋಡಿದ್ರಿ. ಆಮೇಲೆ ನಿಮ್ಮವ್ವನ ತಲೆಗೆ ವಾರ ವಾರ ಎಣ್ಣೆ ಹಚ್ಚಿದೋಳು ನಾನು. ಅವ್ರು ಏನ ಹೇಳ್ತಿದ್ರು ಅಂತ ನಿಮಗೇನ ಗೊತ್ತು? ಆ ಮದ್ವೆ ದಿನ ಪಂತೀಲಿ ಕೂತಾಗ ನಿಮ್ಮಪ್ಪ ಅಷ್ಟು ಜನರ ಮುಂದೆ ‘ಉಂಡ್ಯಾ?’ ಅಂತ ಕೇಳಿದ್ರಂತೆ. ಅದುವರ್ಗೂ ಒಂದಿನಾನೂ ಕೇಳಿದೋರಲ್ಲ. ಅದನ್ನೇ ಹೇಳೋರು, ಎಣ್ಣೆ ಹಚ್ಚಿದಾಗೆಲ್ಲ ಅದೇ ಕತೆ. ‘ಆ ಒಂದು ದಿನ ಇಲ್ದೆ ಹೋಗಿದ್ರೆ ಬಾಕಿ ದಿನವೆಲ್ಲ ಏನ ನೆನೆಸ್ಕೊಂಡು ಕೂತಿರ್ತಿದ್ದೆ?’ ಅನ್ನೋರು.”

“ಅವ್ವ ಹಂಗಂದಳಾ?”

“ಅಂದ್ರು.”

“ನಂಗೆ ಯಾಕ ಹೇಳ್ಲಿಲ್ಲ?”

“ಅವ್ವ ಏನ ಹೇಳಿದ್ರೂ ಯಾವ ವರ್ಷದ್ದು ಅಂತ ಕೇಳೋರು ನೀವು.”

ಮಾವ ಅತ್ತೆಯ ಮುಖ ನೋಡಿದರು. ಅದು ಬಸ್ಸಿನ ಮುಂದೆ ನಿಂತು ನೋಡುತ್ತಿದ್ದ ನೋಟವೇ. ಕಿಟಕಿ ಪಕ್ಕದಲ್ಲೇ ಇತ್ತು, ಬೆಳಕೂ ಬರುತ್ತಿತ್ತು. ಅತ್ತೆಯ ಕಣ್ಣು ಒಂದಿಷ್ಟೂ ಕದಲಲಿಲ್ಲ. ಮಾವ ನಿಧಾನವಾಗಿ ಎದ್ದು, ಮೊಳೆಗೆ ಹಾಕಿದ್ದ ಅಂಗಿ ತೆಗೆದುಕೊಂಡರು. “ಅಡುಗೆ ಯಾರ್ದು?” ಎಂದು ನನ್ನನ್ನು ಕೇಳಿದರು. ಹೇಳಿದೆ. “ಅವ್ನು ಸಾಂಬಾರಿಗೆ ಬೆಲ್ಲ ಹಾಕ್ತಾನೆ, ನೋಡ್ಕೊಳ್ಳಿ” ಎಂದು ಹೊರಗೆ ಹೋಗಿ ಮೊಪೆಡ್ ಒದ್ದು ಸ್ಟಾರ್ಟ್ ಮಾಡಿದರು. ಅತ್ತೆ ನನ್ನ ಸ್ಕೂಟಿ ಬಿಟ್ಟು ಅದರ ಹಿಂದೆ ಕೂತರು.

ಮದುವೆ ನಡೆಯಿತು. ಮುಹೂರ್ತ ಸ್ವಲ್ಪ ಮೀರಿತ್ತು. ಅಯ್ಯರು ದೊಡ್ಡವರು, ಗಡಿಯಾರದ ಕಡೆ ನೋಡಲಿಲ್ಲ. ತಾಳಿಯ ಮೊದಲ ಗಂಟು ಮಾವ ಹಾಕಿದರು, ಉಳಿದದ್ದನ್ನು ತಂಗಿಯಾಗಿ ನನ್ನ ಅಮ್ಮ ಹಾಕಿದಳು. ಅತ್ತೆ ಹೇಳಿದ ಹಾಗೇ ಮಾಡಿದರು. ತಲೆ ತಗ್ಗಿಸಲಿಲ್ಲ. ಗಟ್ಟಿಮೇಳ ಮುಗಿಯುವವರೆಗೂ ಗಂಡನ ಮುಖವನ್ನೇ ನೋಡುತ್ತಿದ್ದರು. ಹೆಂಗಸರು ಮುಸಿಮುಸಿ ನಕ್ಕರೂ ಬಿಡಲಿಲ್ಲ.

ಊಟದ ಪಂಕ್ತಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆವು. ಪಾಯಸ ಬಂತು, ವಡೆ ಬಂತು. ಮಾವ ಸಾಂಬಾರನ್ನು ಬೆರಳಲ್ಲಿ ಮುಟ್ಟಿ ಬೆಲ್ಲ ಇದೆಯೇ ಎಂದು ಪರೀಕ್ಷೆ ಮಾಡಿದರು. ಆಮೇಲೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥ ದನಿಯಲ್ಲಿ, ಅಷ್ಟು ಜನರ ಮುಂದೆ ಅತ್ತೆಯ ಕಡೆ ತಿರುಗಿ ಕೇಳಿದರು.

“ಉಂಡ್ಯಾ?”

ಇಡೀ ಪಂಕ್ತಿ ಕೈ ನಿಲ್ಲಿಸಿತು. ಮೋಟಾರು ರೂಮಿನಲ್ಲಿ ಕಣ್ಣು ಕದಲಿಸದ ಅತ್ತೆ, ತಾಳಿ ಕಟ್ಟುವಾಗ ಕಣ್ಣು ಕದಲಿಸದ ಅತ್ತೆ, ಹ್ಞೂಂ ಎಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿಬಿಟ್ಟರು. ಕಿಟಕಿಯಾಚೆ ನಿಲ್ಲಿಸಿದ್ದ ಮೊಪೆಡ್ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು.

ಮಾವ ಅದನ್ನು ಕಂಡರು. ಏನೂ ವಿಚಾರಿಸದೆ ತಮ್ಮ ಎಲೆಯ ವಡೆಯನ್ನು ತೆಗೆದು ಅತ್ತೆಯ ಎಲೆಗೆ ಹಾಕಿದರು.